ಬೇಡ್ತಿ ಕಣಿವೆಯೂ ತೋಟಗಾರರ ಸೊಸೈಟಿಯೂ



ನಮ್ಮ ಸಂಘವು ಇಪ್ಪತ್ತೈದು ವರ್ಷ ಪೂರೈಸಿ ರಜತ ಮಹೋತ್ಸವ ಆಚರಿಸಿಕೊಳ್ಳುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಇತಿಹಾಸದ ಮೇಲೊಂದು ಲೇಖನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದರು. ಸಂಘದ ಇತಿಹಾಸ ಕಾರ್ಯದರ್ಶಿಗಳ ವರದಿಯಲ್ಲಿ ಅಂಕಿ-ಅಂಶದ ಸಮೇತ ಬಂದಿದೆ. ಷೇರು ಬಂಡವಾಳ ಎಷ್ಟಿತ್ತು, ಈಗ ಎಷ್ಟಾಗಿದೆ ಅಂತ ನಾನೂ ಬರೆದರೆ ಓದುವವರಿಗೆ ಬೇಜಾರು. ಅದಕ್ಕೇ ಬೇರೆ ಜಿಲ್ಲೆಯ ಬೇರೆ ಸೊಸೈಟಿಯೊಂದರ ಕೆಲಸದ ಇತಿಹಾಸ ಬರೆಯಲು ಹೊರಟಿದ್ದೇನೆ. ಸಾಲ ಕೊಡೋದು, ಗೊಬ್ಬರ ಮಾರೋದು, ವಸೂಲಿ ಮಾಡೋದು ಇಷ್ಟೇ ಸೊಸೈಟಿ ಕೆಲಸ ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಶಿರಸಿಯ ಅಡಕೆ ಬೆಳೆಗಾರರ ಸೊಸೈಟಿಯೊಂದು ಒಂದು ಕಣಿವೆಯನ್ನೇ ಉಳಿಸಿಕೊಳ್ಳಲು ಟೊಂಕ ಕಟ್ಟಿ ನಿಂತಿತ್ತು ಎಂಬುದು ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತಿಲ್ಲ.

ಕಣಿವೆ ಅಂದ ತಕ್ಷಣ ನಮ್ಮ ಸೀಮೆಯವರಿಗೆ ನೆನಪಾಗೋದು ಕಟ್ಟೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆ ನಮಗೆ ಸುವರ್ಣಮುಖಿಗೆ ಅಡ್ಡ ಕಟ್ಟಿದ ಜಲಾಶಯ. ಹಿರಿಯೂರು ಕಡೆಯ ಮಾರಿಕಣಿವೆ ವೇದಾವತಿಗೆ ಅಡ್ಡ ನಿಂತ ವಾಣಿವಿಲಾಸ ಸಾಗರ, 1907ರಲ್ಲಿ ಮುಗಿದದ್ದು. ಎರಡೂ ಮೈಸೂರು ಅರಸರ ಕಾಲದವು. ಎರಡು ಗುಡ್ಡ ಹತ್ತಿರ ಬಂದು ನಡುವೆ ಹೊಳೆ ಕಿರಿದಾಗಿ ಹರಿಯುವ ಜಾಗ ಕಂಡರೆ ಬಯಲುಸೀಮೆಯವನ ಕಣ್ಣಿಗೆ ಅಲ್ಲಿ ಆಗಲೇ ಏರಿ ಕಾಣುತ್ತೆ. ಅದರಲ್ಲಿ ತಪ್ಪೇನೂ ಇಲ್ಲ, ನೀರಿಲ್ಲದವನು ಹಾಗೇ ನೋಡೋದು. ಆದರೆ ಆ ಕಣಿವೆಯ ಒಳಗೇ ಮನೆ, ತೋಟ, ದೇವಸ್ಥಾನ ಇರುವವನಿಗೆ ಅದು ಹೇಗೆ ಕಾಣುತ್ತೆ ಅನ್ನೋದು ಬೇಡ್ತಿಯ ಕಥೆಯಿಂದ ತಿಳಿಯುತ್ತದೆ.

ಬೇಡ್ತಿ ಹೊಳೆ ಹುಟ್ಟುವುದು ಧಾರವಾಡದ ಹತ್ತಿರ. ಕಲಘಟಗಿ ದಾಟಿ ಉತ್ತರ ಕನ್ನಡಕ್ಕೆ ಬಂದು ಯಲ್ಲಾಪುರ ತಾಲ್ಲೂಕಿನ ಮಾಗೋಡಿನಲ್ಲಿ ಎರಡು ಹಂತವಾಗಿ ಸುಮಾರು 200 ಮೀಟರ್ ಕೆಳಕ್ಕೆ ಬೀಳುತ್ತದೆ. ಅಲ್ಲಿಂದ ಮುಂದೆ ಎರಡೂ ಕಡೆ ಕಡಿದಾದ ಬೆಟ್ಟ, ಬೆಟ್ಟದ ತುಂಬ ಕಾಡು, ತಳದಲ್ಲಿ ಹೊಳೆ. ಹತ್ತಿರದ ಜೇನುಕಲ್ಲು ಗುಡ್ಡದ ಮೇಲೆ ನಿಂತರೆ ಹೊಳೆ ಬೆಳ್ಳಿ ಗೆರೆ ಎಳೆದ ಹಾಗೆ ಕಾಣುತ್ತದೆ. ನಿರ್ದೇಶಕರ ಅಧ್ಯಯನ ಪ್ರವಾಸದಲ್ಲಿ ಶಿರಸಿಗೆ ಹೋದಾಗ ಅಲ್ಲಿಗೂ ಹೋಗಿದ್ದೆವು. ನಮ್ಮ ಜೊತೆ ಇದ್ದ ಹಿರಿಯ ನಿರ್ದೇಶಕರೊಬ್ಬರು ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಇಷ್ಟು ನೀರು ಸುಮ್ಮನೆ ಹೋಗ್ತಿದೆಯಲ್ಲಪ್ಪ ಅಂದರು. ಆ ಮಾತಿಗೆ ಮುಂದೆ ಬರುತ್ತೇನೆ. ಶಿರಸಿ ಕಡೆಯಿಂದ ಸೋಂದಾದ ಸಹಸ್ರಲಿಂಗದ ಮೇಲೆ ಹರಿದು ಬರುವ ಶಾಲ್ಮಲಾ ಹೊಳೆಯೂ ಬೇಡ್ತಿಗೇ ಸೇರುತ್ತದೆ. ಘಟ್ಟ ಇಳಿದ ಮೇಲೆ ಇದಕ್ಕೆ ಗಂಗಾವಳಿ ಎಂದು ಹೆಸರು. ಅಂಕೋಲಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತದೆ.

ಈ ಕಣಿವೆಯ ಜನ ಭೂಮಿಯನ್ನು ಬಳಸುವ ರೀತಿಯನ್ನು ಸ್ವಲ್ಪ ವಿವರಿಸಬೇಕು, ಯಾಕೆಂದರೆ ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಅಲ್ಲಿ ತೋಟ ಇರೋದು ಬೆಟ್ಟಗಳ ನಡುವಿನ ತಗ್ಗಿನಲ್ಲಿ. ಅಡಕೆ ಮುಖ್ಯ ಬೆಳೆ, ಅಡಕೆ ಮರಕ್ಕೆ ಮೆಣಸಿನ ಬಳ್ಳಿ, ನೆರಳಿನಲ್ಲಿ ಏಲಕ್ಕಿ, ಬಾಳೆ. ತೋಟದ ಸುತ್ತಲ ಇಳಿಜಾರಿಗೆ ಸೊಪ್ಪಿನ ಬೆಟ್ಟ ಎನ್ನುತ್ತಾರೆ. ಆ ಜಿಲ್ಲೆ ಮುಂಬಯಿ ಸರ್ಕಾರದ ಕೈಕೆಳಗೆ ಇದ್ದ ಕಾಲದಿಂದಲೂ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಪದ್ಧತಿ ಇದೆ. ಜಮೀನು ಸರ್ಕಾರದ್ದು, ಸೊಪ್ಪು, ದರಕು, ಸೌದೆ ತರುವ ಹಕ್ಕು ತೋಟದವನದು. ಸೊಪ್ಪು ಕೊಟ್ಟಿಗೆಗೆ ಹೋಗಿ ಗೊಬ್ಬರವಾಗಿ ತೋಟಕ್ಕೆ ಬೀಳುತ್ತೆ. ಮೇಲಿನ ಕಾಡು ಮಳೆ ನೀರನ್ನು ಹಿಡಿದು ಬೇಸಿಗೆಯಲ್ಲೂ ಹಳ್ಳಕ್ಕೆ ಬಿಡುತ್ತೆ. ಯಾರೋ ಎಂಜಿನಿಯರು ನಕ್ಷೆ ಬರೆದು ಇಲ್ಲಿ ತೋಟ, ಇಲ್ಲಿ ಬೆಟ್ಟ, ಇಲ್ಲಿ ಕಾಡು ಎಂದು ಹೇಳಿಕೊಟ್ಟದ್ದಲ್ಲ. ಅನುಭವದಿಂದ ಹುಟ್ಟಿ ಆಮೇಲೆ ಸರ್ಕಾರದ ಕಾಗದಕ್ಕೆ ಏರಿದ ಯೋಜನೆ ಅದು. ಎಲ್ಲರೂ ಚೆನ್ನಾಗಿ ಇಟ್ಟುಕೊಂಡಿದ್ದರು ಅಂತಲ್ಲ, ಬೋಳಾದ ಬೆಟ್ಟಗಳೂ ಇವೆ.

ನಮ್ಮ ತೆಂಗಿನ ಸೀಮೆಯಲ್ಲೂ ಇಂಥದೇ ಲೆಕ್ಕವಿತ್ತು. ಕೆರೆ, ಕೆರೆ ಹಿಂದೆ ಅಚ್ಚುಕಟ್ಟು, ಹಳ್ಳದ ಪಕ್ಕ ತೆಂಗಿನ ತೋಟ, ದಿಣ್ಣೆ ಮೇಲೆ ರಾಗಿ ಹೊಲ, ಅದರಾಚೆ ಗೋಮಾಳ. ಬೋರ್‌ವೆಲ್ ಬಂದ ಮೇಲೆ ತೆಂಗು ದಿಣ್ಣೆ ಹತ್ತಿತು. ಆಮೇಲೆ ಏನಾಯಿತು ಎಂದು ನಾನು ಬರೆಯಬೇಕಾಗಿಲ್ಲ, ಸುಳಿ ಒಣಗಿದ ಮರಗಳು ಎಲ್ಲರ ತೋಟದಲ್ಲೂ ನಿಂತಿದ್ದವು.

ಈಗ ವಿಷಯಕ್ಕೆ ಬರುತ್ತೇನೆ. 1970ರ ದಶಕದ ಕೊನೆಯಲ್ಲಿ ಬೇಡ್ತಿಗೆ ಅಣೆಕಟ್ಟೆ ಕಟ್ಟಿ 210 ಮೆಗಾವಾಟ್ ವಿದ್ಯುತ್ ತಯಾರಿಸುವ ಯೋಜನೆ ಬಂತು. ಕರ್ನಾಟಕ ವಿದ್ಯುತ್ ನಿಗಮದ ಯೋಜನೆ. ಕರೆಂಟು ಯಾರಿಗೆ ಬೇಡ? ರಾಜ್ಯಕ್ಕೆ ವಿದ್ಯುತ್ತಿನ ಕೊರತೆ ಇದ್ದದ್ದು ನಿಜ. ಆದರೆ ಮಲೆನಾಡಿನವರ ಕಣ್ಣ ಮುಂದೆ ಎರಡು ಉದಾಹರಣೆಗಳಿದ್ದವು. ದಕ್ಷಿಣಕ್ಕೆ ಶರಾವತಿ: 1964ರಲ್ಲಿ ಲಿಂಗನಮಕ್ಕಿ ಮುಗಿದು ಊರೂರೇ ಮುಳುಗಿದ್ದವು. ಅಲ್ಲಿಂದ ಎದ್ದುಹೋದ ಕುಟುಂಬಗಳ ಜಮೀನಿನ ಹಕ್ಕಿನ ತಕರಾರು ಇಂದಿಗೂ ಬಗೆಹರಿದಿಲ್ಲ. ಉತ್ತರಕ್ಕೆ ಕಾಳಿ: ಅಲ್ಲಿ ಸೂಪಾ ಅಣೆಕಟ್ಟೆಯ ಕೆಲಸ ನಡೆದು ಸೂಪಾ ಊರಿನವರು ರಾಮನಗರಕ್ಕೆ ಹೋಗಬೇಕಾಯಿತು. ಸೂಪಾ ಮುಗಿದದ್ದು 1987ರಲ್ಲಿ. ಇವೆರಡರ ನಡುವೆ ಉಳಿದಿದ್ದದ್ದು ಬೇಡ್ತಿ ಮತ್ತು ಅಘನಾಶಿನಿ. ಈಗ ಬೇಡ್ತಿಯ ಸರದಿ.

ಇಲ್ಲಿ ಸೊಸೈಟಿ ಬರುತ್ತದೆ. ಶಿರಸಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿದ್ದು. ಟಿ.ಎಸ್.ಎಸ್. ಎಂದೇ ಅಲ್ಲಿ ಕರೆಯುತ್ತಾರೆ. ಸದಸ್ಯರ ಅಡಕೆಯನ್ನು ಒಂದು ಕಡೆ ತಂದು ಟೆಂಡರ್ ಮೇಲೆ ಮಾರಿಸಿ ದಲ್ಲಾಳಿ ಕೈಯಿಂದ ಬೆಳೆಗಾರನನ್ನು ಬಿಡಿಸುವುದು ಅದರ ಕೆಲಸ. ಹೆಸರೇ ಸೇಲ್ ಸೊಸೈಟಿ. ಬೈಲಾ ತೆಗೆದು ನೋಡಿದರೆ ಅಣೆಕಟ್ಟೆ ವಿಷಯ ಯಾವ ಕಲಮಿನಲ್ಲೂ ಇರಲಿಕ್ಕಿಲ್ಲ. ಆದರೆ ತೋಟವೇ ಮುಳುಗಿದರೆ ಮಾರಲು ಅಡಕೆ ಎಲ್ಲಿಂದ ಬರಬೇಕು? ಸದಸ್ಯನ ಆಸ್ತಿ ಉಳಿಸುವುದು ಸಂಘದ ಕೆಲಸವೇ ಎಂದು ಅವರು ತೆಗೆದುಕೊಂಡರು. ಇದನ್ನು ನಾನು ಅವರ ದೊಡ್ಡ ತೀರ್ಮಾನ ಎನ್ನುತ್ತೇನೆ.

ಅವರು ಮೆರವಣಿಗೆ, ಮನವಿ ಇವಕ್ಕೇ ನಿಲ್ಲಲಿಲ್ಲ. ಅಂಗಡಿಯವನ ಹಾಗೆ ಲೆಕ್ಕ ಹಾಕಲು ಕೂತರು. ಸರ್ಕಾರದ ಯೋಜನಾ ವರದಿಯಲ್ಲಿ ಇಷ್ಟು ಖರ್ಚು, ಇಷ್ಟು ಲಾಭ ಎಂದು ಒಂದು ಲೆಕ್ಕ ಇರುತ್ತದಲ್ಲ, ಅದನ್ನು ಬಲ್ಲವರಿಂದ ಮತ್ತೆ ಪರೀಕ್ಷೆ ಮಾಡಿಸಿದರು. ಮುಳುಗುವ ತೋಟದ ವರ್ಷ ವರ್ಷದ ಆದಾಯ ಎಷ್ಟು, ಬರೀ ಪರಿಹಾರದ ದುಡ್ಡಲ್ಲ; ಕಾಡಿನಿಂದ ಜನರಿಗೆ ಬರುವ ಸೌದೆ, ಸೊಪ್ಪು, ಜೇನು, ಬಿದಿರಿನ ಬೆಲೆ ಎಷ್ಟು; ಒಂದು ಅಡಕೆ ತೋಟ ಹೊಸದಾಗಿ ಎಬ್ಬಿಸಲು ಎಷ್ಟು ವರ್ಷ ಬೇಕು; ಕಾಡು ಹೋದರೆ ಕೆಳಗಿನ ಹೊಳೆಗೆ ಏನಾಗುತ್ತೆ; ಹೂಳು ಎಷ್ಟು ಬೇಗ ತುಂಬುತ್ತೆ; ಇಂಥ ಪ್ರಶ್ನೆಗಳು. ಇವೆಲ್ಲ ಸೇರಿಸಿದರೆ ಯೋಜನೆಯಲ್ಲಿ ಕಂಡಿದ್ದ ಲಾಭ ನಿಲ್ಲುವುದಿಲ್ಲ ಎಂದು ಆಯಿತು. 1981ರ ಜನವರಿಯಲ್ಲಿ ಶಿರಸಿಯಲ್ಲೇ ವಿಚಾರ ಸಂಕಿರಣ ಏರ್ಪಡಿಸಿ ವಿಜ್ಞಾನಿಗಳು, ಅರ್ಥಶಾಸ್ತ್ರ ಬಲ್ಲವರನ್ನು ಕರೆಸಿ ಈ ಲೆಕ್ಕವನ್ನು ಎಲ್ಲರೆದುರು ಚರ್ಚೆಗೆ ಇಟ್ಟರು. ಆ ಸಂಕಿರಣದ ವರದಿ ಪುಸ್ತಕವಾಗಿಯೂ ಬಂತು. ನಮ್ಮ ದೇಶದಲ್ಲಿ ಒಂದು ಜಲವಿದ್ಯುತ್ ಯೋಜನೆಯ ಸಾಧಕ ಬಾಧಕವನ್ನು ಮುಳುಗಡೆಯಾಗುವ ರೈತರೇ ಮುಂದಾಗಿ ಹೀಗೆ ಪರಿಶೀಲನೆ ಮಾಡಿಸಿದ್ದು ಬಹಳ ಅಪರೂಪ.

ಯೋಜನೆಯನ್ನು ಸರ್ಕಾರ ಕೈಬಿಟ್ಟಿತು.

ಇದರ ಪೂರ್ತಿ ಕೀರ್ತಿ ಒಂದು ಸೊಸೈಟಿಗೆ ಎಂದರೆ ಅತಿಶಯೋಕ್ತಿಯಾದೀತು. ಕಾಲವೂ ಅನುಕೂಲವಾಗಿತ್ತು. 1980ರ ಅಕ್ಟೋಬರಿನಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದು ಕಾಡನ್ನು ಬೇರೆ ಕೆಲಸಕ್ಕೆ ಬಿಡಲು ಕೇಂದ್ರ ಸರ್ಕಾರದ ಒಪ್ಪಿಗೆ ಬೇಕೆಂದಾಯಿತು. ಕೇರಳದ ಸೈಲೆಂಟ್ ವ್ಯಾಲಿಯಲ್ಲೂ ಅದೇ ಹೊತ್ತಿಗೆ ದೊಡ್ಡ ಚಳವಳಿ ನಡೆದು 1983ರಲ್ಲಿ ಅಲ್ಲಿನ ವಿದ್ಯುತ್ ಯೋಜನೆ ನಿಂತಿತು, ಮರುವರ್ಷ ಅದು ರಾಷ್ಟ್ರೀಯ ಉದ್ಯಾನವಾಯಿತು. ಇನ್ನೊಂದು ಮಾತನ್ನು ಮುಚ್ಚಿಡಬಾರದು: ಬೇಡ್ತಿಯ ತೋಟಗಾರರು ಓದಿದವರು, ಸ್ಥಿತಿವಂತರು, ಅವರಿಗೆ ಅರವತ್ತು ವರ್ಷ ಹಳೆಯ ಸಂಘವಿತ್ತು. ಶರಾವತಿಯಲ್ಲಿ ಮುಳುಗಿದವರಲ್ಲಿ ಗೇಣಿ ರೈತರು, ಬಡವರು ಬಹಳ ಇದ್ದರು. ಅವರ ಪರವಾಗಿ ಲೆಕ್ಕ ಹಾಕುವವರು ಯಾರೂ ಇರಲಿಲ್ಲ. ಸಂಘ ಇದ್ದವನ ಕಣಿವೆ ಉಳಿಯಿತು, ಇಲ್ಲದವನದು ಮುಳುಗಿತು. ಸಹಕಾರಿಗಳಾದ ನಾವು ಇದನ್ನು ಗಮನಿಸಬೇಕು.

ಬೇಡ್ತಿಯಿಂದ ಆ ಜಿಲ್ಲೆಗೆ ಧೈರ್ಯ ಬಂತು ಎನ್ನಬಹುದು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಸುತ್ತಿನ ಗಂಡಸರು ಹೆಂಗಸರು ಕಳಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡು ಕಡಿತ ನಿಲ್ಲಿಸಿದರು. ಅಪ್ಪಿಕೋ ಚಳವಳಿ ಎಂದು ಹೆಸರಾದದ್ದು ಅದೇ.

ಅಣೆಕಟ್ಟೆ ಒಂದು ಸಲ ನಿಂತರೆ ಕಣಿವೆ ಉಳಿದ ಹಾಗೆ ಎಂದು ತಿಳಿಯಬಾರದು. ಯೋಜನೆಗಳು ಬೇರೆ ಬೇರೆ ರೂಪದಲ್ಲಿ ಮತ್ತೆ ತಲೆ ಎತ್ತಿದವು. ಸೋಂದಾ ಸ್ವರ್ಣವಲ್ಲಿ ಮಠದ ಸ್ವಾಮಿಗಳ ಮುಂದಾಳತ್ವದಲ್ಲಿ ಜನ ಮತ್ತೆ ಸೇರಬೇಕಾಯಿತು. ಕಡೆಗೆ 2011ರಲ್ಲಿ, ಅನಂತ ಹೆಗಡೆ ಅಶೀಸರ ಅವರು ಪಶ್ಚಿಮಘಟ್ಟ ಕಾರ್ಯಪಡೆಯ ಅಧ್ಯಕ್ಷರಾಗಿದ್ದಾಗ, ಬೇಡ್ತಿ ಕಣಿವೆಯ ಸುಮಾರು 57 ಚದರ ಕಿಲೋಮೀಟರ್ ಕಾಡನ್ನು ಸಂರಕ್ಷಣಾ ಮೀಸಲು ಪ್ರದೇಶ ಎಂದು ಸರ್ಕಾರ ಘೋಷಿಸಿತು. ಮರುವರ್ಷ ಶಾಲ್ಮಲಾ ಹೊಳೆಯ ದಂಡೆಗೂ ಒಂದು ಸಣ್ಣ ಮೀಸಲು ಆಯಿತು.

ಈ ಸಂರಕ್ಷಣಾ ಮೀಸಲು ಅಂದರೆ ಏನು? ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ಸೇರಿಸಿದ ಏರ್ಪಾಡು. ಅಭಯಾರಣ್ಯದಷ್ಟು ಬಿಗಿ ಇಲ್ಲ. ಸರ್ಕಾರಿ ಜಮೀನಿಗೆ ಮಾತ್ರ ಅನ್ವಯ, ರೈತನ ಹಿಡುವಳಿಗೆ ಕೈ ಹಾಕುವುದಿಲ್ಲ. ಸ್ಥಳೀಯ ಜನರನ್ನು ಕೇಳಿಯೇ ಘೋಷಿಸಬೇಕು. ನೋಡಿಕೊಳ್ಳಲು ಒಂದು ಸಮಿತಿ ಇರಬೇಕು, ಅದರಲ್ಲಿ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿ ಕೂರಬೇಕು, ಕೃಷಿ ಮತ್ತು ಪಶುವೈದ್ಯ ಇಲಾಖೆಯವರೂ ಇರಬೇಕು. ಕಾಯ್ದೆಯಲ್ಲಿ ಪ್ರಾಣಿ, ಗಿಡಮರದ ಜೊತೆಗೆ ನೆಲದ ನೋಟವನ್ನು, ಅಂದರೆ ಬೆಟ್ಟ ಕಣಿವೆಯ ಚೆಲುವನ್ನೂ ಕಾಪಾಡುವುದು ಉದ್ದೇಶವೆಂದು ಬರೆದಿದೆ. ಕಾಗದದ ಮೇಲೆ ಬಹಳ ಒಳ್ಳೆಯದು. ಸಮಿತಿ ಎಷ್ಟು ಸಲ ಕೂಡುತ್ತೆ ಅನ್ನೋದರ ಮೇಲೆ ಮುಂದಿನದು ಇದೆ, ನಮ್ಮ ಸಂಘಗಳ ಉಪಸಮಿತಿಗಳ ಹಾಗೆ!

ಅದೇ 2011ರಲ್ಲಿ, ಆ ಜಿಲ್ಲೆಯ ಕಾಡನ್ನು ಹಿಂದಿನಿಂದ ಅಧ್ಯಯನ ಮಾಡಿದ್ದ ವಿಜ್ಞಾನಿ ಮಾಧವ ಗಾಡ್ಗೀಳ್ ಅವರ ನೇತೃತ್ವದ ಸಮಿತಿ ಪಶ್ಚಿಮಘಟ್ಟದ ವರದಿ ಕೊಟ್ಟಿತು. ಎಲ್ಲಿ ಗಣಿ ಬೇಡ, ಎಲ್ಲಿ ಕಟ್ಟಡ ಬೇಡ ಎಂಬ ವಲಯಗಳ ಗಡಿಯನ್ನು ಗ್ರಾಮಸಭೆಯ ಮಟ್ಟದಲ್ಲಿ ಚರ್ಚಿಸಿ ನಿಷ್ಕರ್ಷೆ ಮಾಡಬೇಕೆಂದು ಅದರಲ್ಲಿ ಹೇಳಿತ್ತು. ಆ ವರದಿ ಮೂಲೆಗೆ ಹೋಯಿತು. 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿ ಬಂತು, ಉಪಗ್ರಹದ ಚಿತ್ರದ ಮೇಲೆ ಊರುಗಳ ಪಟ್ಟಿ. ನಮ್ಮ ರಾಜ್ಯದ ಸಾವಿರದ ಐನೂರಕ್ಕೂ ಹೆಚ್ಚು ಹಳ್ಳಿ ಆ ಪಟ್ಟಿಯಲ್ಲಿದ್ದವು. ಮಲೆನಾಡೆಲ್ಲ ಗಾಬರಿಯಾಯಿತು. ತಲೆಮಾರಿನಿಂದ ಕಾಡು ಕಾಯ್ದವರೇ ಪಟ್ಟಿ ವಾಪಸ್ ತಗೊಳ್ಳಿ ಅಂದರು. 2024ರ ಜುಲೈನಲ್ಲಿ ಕೇಂದ್ರ ಆರನೇ ಸಲ ಕರಡು ಹೊರಡಿಸಿತು, ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಬೇಡವೆಂದಿತು. ಕಾಡು ಉಳಿಸುವ ಉದ್ದೇಶ ಎರಡು ವರದಿಗೂ ಒಂದೇ. ಊರವರು ಕೂತು ತಾವೇ ಹಾಕಿಕೊಂಡ ಗೆರೆಗೆ ಅವರು ಕಾವಲು ಇರುತ್ತಾರೆ, ದಿಲ್ಲಿಯಿಂದ ಬಂದ ಪಟ್ಟಿಯಲ್ಲಿ ತಮ್ಮ ಊರಿನ ಹೆಸರು ಕಂಡರೆ ವಕೀಲರ ಹತ್ತಿರ ಓಡುತ್ತಾರೆ. ಸರ್ಕಾರಗಳಿಗೆ ಇದು ತಿಳಿಯದೇ ಇರುವುದು ನನಗೆ ಆಶ್ಚರ್ಯ.

ಹಾಗಂತ ನೆಲದ ಮೇಲೆ ಹಿಡಿತವೇ ಬೇಡವೆಂದರೂ ಆಗುವುದಿಲ್ಲ. 2021ರ ಜುಲೈ ಮಳೆಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜರಿದು ಅಡಕೆ ತೋಟಗಳೇ ಕೊಚ್ಚಿಹೋದವು. 2024ರ ಜುಲೈ 16ರಂದು ಇದೇ ಹೊಳೆಯ ಕೆಳಗಿನ ದಂಡೆಯಲ್ಲಿ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿ ಅಗಲ ಮಾಡಲು ಬುಡ ಕಡಿದಿದ್ದ ಗುಡ್ಡ ಕುಸಿದು ರಸ್ತೆ ಬದಿಯ ಹೋಟೆಲು, ಲಾರಿ ಸಮೇತ ಗಂಗಾವಳಿಗೆ ಬಿತ್ತು. ಹಲವರು ಸತ್ತರು. ಟಿ.ವಿ.ಯಲ್ಲಿ ವಾರಗಟ್ಟಲೆ ನಾವೆಲ್ಲ ನೋಡಿದ್ದೇವೆ. ಬೇಡ್ತಿ, ಗಂಗಾವಳಿ ಒಂದೇ ಹೊಳೆ ಎಂದು ಆಗ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಈಗ ಜೇನುಕಲ್ಲು ಗುಡ್ಡದ ಮೇಲೆ ನಮ್ಮ ಹಿರಿಯರು ಆಡಿದ ಮಾತಿಗೆ ಬರುತ್ತೇನೆ. ಬೇಡ್ತಿಗೆ ಈಗ ಬಂದಿರುವ ಯೋಜನೆ ಕರೆಂಟಿನದಲ್ಲ, ನೀರಿನದು. ಅದರ ಉಪಹೊಳೆಗಳಿಗೆ ಕಟ್ಟೆ ಕಟ್ಟಿ ನೀರನ್ನು ಮೇಲೆತ್ತಿ ವರದಾ ನದಿಗೆ ತಿರುಗಿಸಿ ತುಂಗಭದ್ರೆಯ ಕಡೆಯ ಬಯಲುಸೀಮೆಗೆ ಕೊಡುವ ಬೇಡ್ತಿ-ವರದಾ ಜೋಡಣೆ. 2022ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಅದರ ಪ್ರಸ್ತಾಪ ಮಾಡಿತು. ಶಿರಸಿ, ಯಲ್ಲಾಪುರದವರು ವಿರೋಧಿಸುತ್ತಾರೆ. ಹಾವೇರಿ, ಗದಗದ ರೈತರು ನೀರು ಬೇಕೇ ಬೇಕು ಎನ್ನುತ್ತಾರೆ. ಇದರಲ್ಲಿ ನಾವು ಯಾರ ಕಡೆ?

ನಾವು ಹಾವೇರಿಯವರ ಥರದವರು. ನಮ್ಮ ಜಿಲ್ಲೆಯ ನಾಲೆಗೆ ಬರುವ ಹೇಮಾವತಿ ನೀರು ಗೊರೂರಿನಲ್ಲಿ 1979ರಲ್ಲಿ ಮುಗಿದ ಅಣೆಕಟ್ಟೆಯದು. ಅದರ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೇ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ನಿಂತದ್ದನ್ನು ಜನ ಫೋಟೋ ತೆಗೆಯಲು ಹೋಗುತ್ತಾರೆ. ಅದರ ಸುತ್ತ ಮನೆಮಠ ಇದ್ದವರು ಬಿಟ್ಟುಹೋದ ನೀರು ನಮ್ಮ ಕೆರೆಗೆ ಬಿದ್ದಿದೆ. ಎತ್ತಿನಹೊಳೆಯೂ ಹಾಗೆಯೇ. ಸಕಲೇಶಪುರದ ಹಳ್ಳಗಳಿಂದ 24 ಟಿ.ಎಂ.ಸಿ. ನೀರು ತಿರುಗಿಸುವ ಯೋಜನೆ, ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಚಾಲನೆಯಾಯಿತು. 2014ರಲ್ಲಿ ಸುಮಾರು 12,900 ಕೋಟಿ ಇದ್ದ ಅಂದಾಜು 2023ರಲ್ಲಿ 23,000 ಕೋಟಿ ದಾಟಿತು. ಅದರ ಕಾಲುವೆ ಅರಸೀಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯ ಮೇಲೇ ಹೋಗಬೇಕು. ಕೆರೆ ತುಂಬಲಿ ಎಂದು ಎಲ್ಲರೂ ಕಾಯುತ್ತಿದ್ದೇವೆ. ನಾನೂ ಕಾಯುತ್ತಿದ್ದೇನೆ, ಸುಳ್ಳು ಹೇಳಲಾರೆ. ಇತ್ತ ಹೇಮಾವತಿ ನೀರನ್ನು ಲಿಂಕ್ ಕೆನಾಲ್ ಮಾಡಿ ಕುಣಿಗಲ್, ಮಾಗಡಿ ಕಡೆ ತಗೊಂಡು ಹೋಗ್ತಾರೆ ಅಂದಾಗ 2025ರಲ್ಲಿ ನಮ್ಮ ಜಿಲ್ಲೆಯ ರೈತರೇ ಬೀದಿಗೆ ಇಳಿದರು. ಆಗ ನಮಗೆ ನಮ್ಮ ಹೊಳೆ, ನಮ್ಮ ಪಾಲು ಎಂಬುದು ಚೆನ್ನಾಗಿ ಅರ್ಥವಾಗಿತ್ತು.

ಹೀಗಾಗಿ ಬೇಡ್ತಿಯವರನ್ನು ನೀರು ಬಿಡದ ಸ್ವಾರ್ಥಿಗಳು ಎಂದು ಬೈಯುವವರ ಜೊತೆ ನಾನು ಸೇರುವುದಿಲ್ಲ. ಅವರು 1981ರಲ್ಲಿ ಕೇಳಿದ ಪ್ರಶ್ನೆಯನ್ನೇ ನೀರು ಕೇಳುವ ನಾವೂ ಕೇಳಬೇಕು. ಮಳೆಗಾಲ ಮುಗಿದ ಮೇಲೆ ಆ ಹಳ್ಳದಲ್ಲಿ ನಿಜಕ್ಕೂ ಎಷ್ಟು ನೀರು ಇರುತ್ತೆ, ಎತ್ತಲು ಎಷ್ಟು ಕರೆಂಟು ಬೇಕು, ಕೊನೆಯ ಕೆರೆಗೆ ಎಷ್ಟು ತಲುಪುತ್ತೆ? ಅಷ್ಟೇ ದುಡ್ಡಿನಲ್ಲಿ ನಮ್ಮ ಕೆರೆಗಳ ಹೂಳು ಎಷ್ಟು ತೆಗೆಯಬಹುದಿತ್ತು? ಈ ಲೆಕ್ಕವನ್ನು ನಮ್ಮ ಪರವಾಗಿ ಯಾವ ಸೊಸೈಟಿಯೂ ಹಾಕಿಸಿ ನಮ್ಮ ಕೈಗೆ ಕೊಟ್ಟಿಲ್ಲ.

ನಮಗೆ ಮಾಗೋಡಿನಂಥ ಕಣಿವೆ ಇಲ್ಲದಿರಬಹುದು, ಗುಡ್ಡಗಳು ಇವೆ. ಅಮ್ಮಸಂದ್ರ 1958ರಲ್ಲಿ ಸ್ಥಾಪನೆಯಾದ ಮೈಸೂರು ಸಿಮೆಂಟ್ಸ್ ಕಾರ್ಖಾನೆಯಿಂದ ಹೆಸರಾದ ಊರು. ಕಲ್ಲು, ಮಣ್ಣು ದುಡ್ಡಾಗುವುದನ್ನು ನಾವು ಹತ್ತಿರದಿಂದ ಕಂಡವರು, ಅದರಿಂದ ಅನ್ನ ತಿಂದ ಮನೆಗಳೂ ಬಹಳ. ಪಕ್ಕದ ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಗಣಿ ಜೋರಾಗಿ ನಡೆದ ಕಾಲದಲ್ಲಿ ಅದಿರು ಲಾರಿಗಳ ದಾರಿಯ ಬದಿ ತೆಂಗಿನ ಗರಿ ಕೆಂಪಾಗಿ ನಿಂತಿದ್ದವು. 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಷರತ್ತಿನ ಮೇಲೆ ಕೆಲವಕ್ಕೆ ಬಿಟ್ಟರು. ಆ ಗುಡ್ಡದ ಬಗ್ಗೆ ಮೊದಲು ಮಾತಾಡಬೇಕಾಗಿದ್ದದ್ದು ಗ್ರಾಮಸಭೆ. ಕೊನೆಗೆ ಮಾತಾಡಿದ್ದು ದಿಲ್ಲಿಯ ಕೋರ್ಟು.

ಗೋಮಾಳದ ವಿಷಯವೂ ಇದೆ. ಭೂಕಂದಾಯ ನಿಯಮದ ಪ್ರಕಾರ ನೂರು ರಾಸಿಗೆ 12 ಹೆಕ್ಟೇರು, ಅಂದರೆ ಸುಮಾರು ಮೂವತ್ತು ಎಕರೆ ಹುಲ್ಲುಗಾವಲು ಊರಿಗೆ ಬಿಡಬೇಕು. ಫಾರಂ 50, 53, 57 ಎಂದು ಸಾಗುವಳಿ ಅರ್ಜಿಗಳು ಬಂದ ಮೇಲೆ ಎಷ್ಟು ಊರಲ್ಲಿ ಅಷ್ಟು ಉಳಿದಿದೆಯೋ ದೇವರೇ ಬಲ್ಲ. ಜಮೀನಿಲ್ಲದವನಿಗೆ ಎರಡೆಕರೆ ಸಿಕ್ಕರೆ ನನ್ನ ತಕರಾರಿಲ್ಲ. ಅರ್ಜಿ ಹಾಕಿದವರೆಲ್ಲ ಜಮೀನಿಲ್ಲದವರೇ ಎಂದು ಮಾತ್ರ ನನ್ನ ಹತ್ತಿರ ಹೇಳಬೇಡಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಗೂ ಒಂದು ಜೀವವೈವಿಧ್ಯ ಸಮಿತಿ, ಊರಿನ ಗಿಡ, ಪ್ರಾಣಿ, ನೆಲ, ಜಲದ ಒಂದು ದಾಖಲಾತಿ ಪುಸ್ತಕ ಇರಬೇಕು. ದೇವನಹಳ್ಳಿ ಹತ್ತಿರದ ನಲ್ಲೂರಿನ ಹಳೇ ಹುಣಸೆ ತೋಪು 2007ರಲ್ಲಿ ಪಾರಂಪರಿಕ ತಾಣವೆಂದು ಘೋಷಣೆಯಾಗಿ ಉಳಿದದ್ದು ಇದೇ ಕಾಯ್ದೆಯ ಕೆಳಗೆ, ದೇಶದಲ್ಲೇ ಮೊದಲನೆಯದು. ವಿಮಾನ ನಿಲ್ದಾಣದ ಮಗ್ಗುಲಲ್ಲಿ, ಜಮೀನಿನ ಬೆಲೆ ಆಕಾಶಕ್ಕೆ ಏರಿದ ಜಾಗದಲ್ಲಿ 54 ಎಕರೆ ತೋಪು ಉಳಿದಿದೆ.

ಗ್ರಾಮ ನಕ್ಷೆಯ ಒಂದು ದೊಡ್ಡ ಪ್ರತಿ ತೆಗೆಸಿ ಸಂಘದ ಕಚೇರಿಯ ಗೋಡೆಗೆ ಹಾಕಿಸಲು ಹೋದ ಆಡಳಿತ ಮಂಡಳಿ ಸಭೆಯಲ್ಲಿ ಒಪ್ಪಿಗೆಯಾಗಿದೆ. ಹಳ್ಳದ ಗೆರೆ, ಗುಂಡುತೋಪು, ಗೋಕಟ್ಟೆ, ಗೋಮಾಳದ ಸರ್ವೆ ನಂಬರು ಬಲ್ಲ ಹಿರಿಯ ಸದಸ್ಯರು ಕಚೇರಿ ವೇಳೆಯಲ್ಲಿ ಬಂದು ಅದರ ಮೇಲೆ ಗುರುತು ಹಾಕಿಸಿಕೊಡಬೇಕಾಗಿ ವಿನಂತಿ. ಮುಂದಿನ ಗ್ರಾಮಸಭೆಗೆ ಆ ನಕ್ಷೆಯನ್ನು ತಗೊಂಡು ಹೋಗುವುದಾಗಿ ಅಧ್ಯಕ್ಷರು ಒಪ್ಪಿದ್ದಾರೆ.